ತಿಗರಿ ಮುಟ್ಟದ ಅಕ್ಕ

ಲಿಂಗಸುಗೂರಿನ ಸಭೆಯಲ್ಲಿ ಒಳ್ಳೆಯ ಕುಂಬಾರನೆಂದು ನನಗೆ ಶಾಲು ಹೊದಿಸಿದರು. ನಾನು ಮಾರುವ ಗಡಿಗೆ ಮಾಡಿದವಳು ಅಕ್ಕ ಎಂದು ನಾನು ಹೇಳಲಿಲ್ಲ; ಶಾಲು ಬಹಳ ಚೆನ್ನಾಗಿತ್ತು.

ನಮ್ಮ ಮನೆಯಲ್ಲಿ ಹೆಂಗಸರು ತಿಗರಿ ಮುಟ್ಟುವಂತಿಲ್ಲ, ಆ ಚಕ್ರ ಗಂಡಸರದು. ಅಕ್ಕ ಅದರ ತಂಟೆಗೇ ಹೋಗದೆ ಹಸಿಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿ ಸುತ್ತಿ ಏರಿಸಿ, ಹಲಗೆಯಿಂದ ತಟ್ಟಿ ಗಡಿಗೆ ಮಾಡುತ್ತಿದ್ದಳು. ಸಿಂಧನೂರಿನಿಂದ ಹಟ್ಟಿಯವರೆಗೆ ಜನ ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಸುಟ್ಟ ಗಡಿಗೆಯನ್ನು ಬೆರಳಿನಿಂದ ಬಡಿದು ಕಿವಿಗೊಡುವಳು. ಆಮೇಲೆ ನನ್ನ ತಲೆ ಬಡಿದು, "ಇದಿನ್ನೂ ಹಸಿ ಐತಿ" ಎನ್ನುವಳು.

ಸಭೆಯಲ್ಲಿ ಹಿರಿಯರೊಬ್ಬರು ತಿಗರಿ ತರಿಸಿ, "ಒಂದು ಗಡಗಿ ಮಾಡಿ ತೋರಸ್ರಿ" ಎಂದರು. ಮೂರೇ ಸುತ್ತಿಗೆ ನನ್ನ ಮಣ್ಣು ಎಮ್ಮೆಯಂತೆ ಮಲಗಿತು. ಕೆಳಗೆ ಕೂತಿದ್ದ ಅಕ್ಕ, "ಮಂದಿ ನೋಡಿದ್ರ ಅವಗ ನಾಚಿಕಿ ಬರ್ತೈತ್ರಿ" ಎಂದಳು. ಎಲ್ಲರೂ ನಕ್ಕರು, ನನ್ನ ಮಾನ ಉಳಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು.

ಮೊನ್ನೆ ಮಸ್ಕಿ ಸಂತೆಯಲ್ಲಿ ಗಿರಾಕಿಯೊಬ್ಬ, "ನಿಮ್ಮ ಕೈಯಾಗ ಏನೋ ಐತಿ ಬಿಡ್ರಿ" ಎಂದು ನನಗೆ ಕೈಮುಗಿದ. ಪಕ್ಕದಲ್ಲೇ ಕೂತಿದ್ದ ಅಕ್ಕ ಮುಖ ತಿರುಗಿಸಿದಳು. ನಾನು ಎದ್ದು ನಿಂತೆ.

"ಇವು ನನ್ನವಲ್ರಿ, ಎಲ್ಲಾ ಇಕಿ ಮಾಡ್ಯಾಳ. ಅಕ್ಕಾ, ಅವತ್ತು ಸಭಾದಾಗ ನಿನ್ನ ಹೆಸರು ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತಬೇ."