ನನ್ನ ಪಾಲಿನ ಅಳು

ಸಿಂಧನೂರಿಗೆ ಬಂದಿಳಿದು ಬಾಡಿಗೆ ಮನೆ ಹುಡುಕಲು ಹೊಕ್ಕ ಮೊದಲ ಓಣಿಯಲ್ಲೇ ಹೆಂಗಸರು ಹಾಡುತ್ತಿದ್ದರು. ಮನೆಯ ಮುಂದೆ ಶಾಮಿಯಾನ. ಅದರ ನಡುವೆ ಒಬ್ಬ ಹಿರಿಯರಿಗೆ ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಬಳಿದು, ಕೊರಳು ಮುಚ್ಚುವಷ್ಟು ಹೂಮಾಲೆ ಹಾಕಿ ಕೂರಿಸಿದ್ದರು. ಏನೋ ಸನ್ಮಾನ ಇರಬೇಕೆಂದು ನಗುಮುಖ ಮಾಡಿಕೊಂಡು ಹತ್ತಿರ ಹೋದೆ. "ಇಲ್ಲಿ ಬಾಡಿಗೆಗೆ ಮನೆ" ಅನ್ನುವಷ್ಟರಲ್ಲಿ ಒಬ್ಬಾಕೆ ನನ್ನ ಕೊರಳಿಗೆ ಜೋತುಬಿದ್ದು, "ಎಷ್ಟೊತ್ತಿಗೆ ಬಂದೆವ್ವಾ, ಮಾತಾಡದಽ ಹೋದನಲ್ಲವ್ವಾ" ಎಂದು ರಾಗ ತೆಗೆದಳು. ಆಗ ತಿಳಿಯಿತು, ಕೂತಿದ್ದವರು ತೀರಿಕೊಂಡವರು.

ಮೈಸೂರಿನ ನಮ್ಮ ಬೀದಿಯಲ್ಲಿ ಸಾವು ಅಂದರೆ ಪಿಸುಮಾತು. ಕರವಸ್ತ್ರದ ತುದಿಯಲ್ಲಿ ಕಣ್ಣೊತ್ತಿಕೊಂಡು, "ಕಾಫಿ ಕುಡಿದ್ರಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಇಲ್ಲಿಯದು ಬೇರೆ, ಅದಕ್ಕೆ ‘ಹಾಡ್ಯಾಡಿ ಅಳೋದು’ ಅನ್ನುತ್ತಾರೆ. ಹೋದವರು ಏನು ಮಾಡಿ ಹಾಕಿದರು, ಯಾರನ್ನು ಬೈದರು, ಯಾವ ಸೀರೆ ಕೊಡಿಸಿದರು, ಎಲ್ಲವನ್ನೂ ರಾಗದಲ್ಲಿ ಕಟ್ಟಿ ಅಳಬೇಕು. ಬಾಗಿಲಿಗೆ ಬಂದ ಪ್ರತಿ ಹೆಂಗಸನ್ನೂ ಅಪ್ಪಿಕೊಂಡು ಹೊಸದಾಗಿ ಶುರು ಮಾಡಬೇಕು. ಆ ಹೊತ್ತು ನಾನು ಗುರುತಿಲ್ಲದವಳ ತೋಳಿನಲ್ಲಿ ಕಂಬದಂತೆ ನಿಂತಿದ್ದೆ. ಕಂಬದಂತೆ ನಿಲ್ಲುವುದು ನನಗೆ ಹೊಸದೇನಲ್ಲ.

ಹೇಳಿಬಿಡುತ್ತೇನೆ. ಸರ್ಕಾರಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ನಾನು ವರ್ಗವಾಗಿ ಇಲ್ಲಿಗೆ ಬರುವಾಗ ಬ್ಯಾಗಿನಲ್ಲಿ ಖಿನ್ನತೆಯ ಮಾತ್ರೆಗಳನ್ನು ತಂದಿದ್ದೆ. ಖಿನ್ನತೆಗೆ ಕಾರಣ ಏನು ಎಂದು ಕೇಳಬೇಡಿ, ಕಾರಣ ಇದ್ದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಮೈಸೂರಿನಲ್ಲಿ ಒಂದಷ್ಟು ತಿಂಗಳು ಹಾಸಿಗೆಯಿಂದ ಏಳಲಾಗಿರಲಿಲ್ಲ. ಮಾತ್ರೆ ಎಬ್ಬಿಸಿತು, ಸ್ನಾನ ಮಾಡಿಸಿತು, ಮತ್ತೆ ಪಾಠಕ್ಕೆ ನಿಲ್ಲಿಸಿತು. ಆದರೆ ದುಃಖವನ್ನು ಹೊರಗೆ ಕಳಿಸುವಾಗ ಅಳುವನ್ನೂ ಜೊತೆಗೇ ಕಳಿಸಿಬಿಟ್ಟಿತು. ಎಲ್ಲರಿಗೂ ಹಾಗಾಗುವುದಿಲ್ಲವಂತೆ, ನನಗಾಯಿತು. ದಿನಗಳು ಅಕ್ಕಿ ತೊಳೆದ ನೀರಿನ ಹಾಗೆ ಹೋಗುತ್ತಿದ್ದವು. ಅದರ ಬಗ್ಗೆ ನನಗೇನೂ ದೂರಿರಲಿಲ್ಲ. ದೂರು ಹೇಳಲೂ ಒಂದಿಷ್ಟು ಉಪ್ಪು ಖಾರ ಬೇಕಲ್ಲ.

ಮನೆ ಸಿಕ್ಕಿದ್ದು ಶಂಕ್ರಮ್ಮಕ್ಕನ ಮಾಳಿಗೆಯ ಮೇಲೆ. ಅವರ ಮನೆಯವರದು ಬಿತ್ತನೆ ಬೀಜದ ಅಂಗಡಿ. ಮನೆ ಕೇಳಲು ಹೋದಾಗ ಆಕೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಒಬ್ಬಾಕಿನಽ ಏನ್ರಿ?"

"ಹೌದು."

"ರೊಟ್ಟಿ ಬಡಿಯಾಕ ಬರ್ತತೇನು?"

"ಇಲ್ಲ. ಅನ್ನ ಮಾಡಿಕೊಳ್ತೀನಿ."

"ಬರೇ ಅನ್ನ ಉಂಡು ಹೆಂಗ ಬದುಕ್ತೀರಿ?" ಎಂದವರು ಒಳಗೆ ತಿರುಗಿ, "ಅತ್ತೀ, ನಿನಗೊಬ್ಬಾಕಿ ಶಿಷ್ಯಾಳು ಬಂದಾಳ ನೋಡು" ಎಂದು ಕೂಗಿದರು. ಹೊರಗೆ ಬಂದವರು ಅವರ ಅತ್ತೆ, ಸಿದ್ದಮ್ಮಜ್ಜಿ. ಬೆನ್ನು ಬಾಗಿತ್ತು, ಗಂಟಲು ಮಾತ್ರ ನೆಟ್ಟಗಿತ್ತು.

ಊರನ್ನು ಕಲಿಯುವುದು ಬಾಯಿಂದ ಶುರುವಾಯಿತು. ಹೋಟೆಲಿನಲ್ಲಿ "ಒಗ್ಗರಣಿ ಐತ್ರಿ" ಎಂದಾಗ, ಯಾತಕ್ಕೆ ಒಗ್ಗರಣೆ ಎಂದು ಕೇಳಿ ನಗೆಪಾಟಲಾದೆ. ಇಲ್ಲಿ ನೆನೆಸಿದ ಮಂಡಕ್ಕಿಯನ್ನು ಈರುಳ್ಳಿ ಹಾಕಿ ಕಲಸಿದರೆ ಅದೇ ಒಗ್ಗರಣಿ, ಪಕ್ಕಕ್ಕೊಂದು ಮಿರ್ಚಿ ಬಜ್ಜಿ. ಮೈಸೂರಿನಲ್ಲಿ ‘ಕೂತ್ಕೊಳ್ಳಿ’, ಇಲ್ಲಿ ‘ಕುಂಡ್ರಿ’. ಅಲ್ಲಿ ‘ಬೇಗ’, ಇಲ್ಲಿ ‘ಜಲ್ದಿ’. ಅಲ್ಲಿ ಫೋನ್ ಮಾಡುತ್ತಾರೆ, ಇಲ್ಲಿ ಫೋನ್ ಹಚ್ಚುತ್ತಾರೆ. ಊರ ಹೊರಗೆ ಕಾಲುವೆಯ ಗುಂಟ ಭತ್ತದ ಗದ್ದೆ, ನಡುನಡುವೆ ‘ಕ್ಯಾಂಪು’ಗಳು. ಹಿಂದೆ ಆಂಧ್ರದಿಂದ ಬಂದು ನೆಲೆನಿಂತವರ ಊರುಗಳವು. ಮೊಮ್ಮಕ್ಕಳಿಗೆ ಮಕ್ಕಳಾದರೂ ಹೆಸರು ಇನ್ನೂ ಕ್ಯಾಂಪು. ಅದನ್ನು ಕೇಳಿದಾಗಲೆಲ್ಲ, ನನಗೂ ಇಲ್ಲಿ ಇನ್ನೂ ಬಹಳ ದಿನ ಇದೆ ಅನ್ನಿಸುತ್ತಿತ್ತು.

ಸಂಜೆ ಹೊತ್ತು ಅಜ್ಜಿ ನನ್ನನ್ನು ಒಲೆಯ ಮುಂದೆ ಕೂರಿಸಿಕೊಳ್ಳುತ್ತಿದ್ದರು. ನಾನು ಬಡಿದ ರೊಟ್ಟಿ ನಕಾಶೆಯಾಗುತ್ತಿತ್ತು, ಇಲ್ಲವೇ ನಡುವೆ ಹರಿಯುತ್ತಿತ್ತು. ಹರಿದದ್ದನ್ನು ಅಜ್ಜಿ ತಾವೇ ತಿಂದು, ತಾವು ಬಡಿದ ದುಂಡನೆಯದನ್ನು ಪುಂಡಿಪಲ್ಯದ ಜೊತೆ ನನಗೆ ಇಡುತ್ತಿದ್ದರು. "ಹರದದ್ದಕ್ಕ ರುಚಿ ಜಾಸ್ತಿ ಬೇ" ಎಂಬ ಸುಳ್ಳನ್ನು ದಿನಾ ಹೇಳುತ್ತಿದ್ದರು. ಒಂದು ಸಂಜೆ ನನ್ನ ರೊಟ್ಟಿ ಹೆಂಚಿನ ಮೇಲೆ ಪೂರ್ತಿ ಉಬ್ಬಿತು. ಅಜ್ಜಿ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಗಬೇಕಿತ್ತು. ಇದು ಸಂತೋಷಪಡುವ ಹೊತ್ತು ಎಂದು ತಿಳಿದು, ನಕ್ಕೆ.

ಅಂಥ ಅಜ್ಜಿ ಒಂದು ಬೆಳಗ್ಗೆ ಏಳಲಿಲ್ಲ.

ಅವರನ್ನೂ ವಿಭೂತಿ ಹಚ್ಚಿ, ಹೂ ಹಾಕಿ ಪಡಸಾಲೆಯಲ್ಲಿ ಕೂರಿಸಿದರು. ಅವರ ತವರು ವಳಕಮದಿನ್ನಿಯಿಂದ ಟ್ರ್ಯಾಕ್ಟರಿನಲ್ಲಿ ಹೆಂಗಸರು ಬಂದರು. ಓಣಿಯ ತಿರುವಿನಿಂದಲೇ ರಾಗ ಕೇಳುತ್ತಿತ್ತು. ಶಂಕ್ರಮ್ಮಕ್ಕ ಒಬ್ಬೊಬ್ಬರನ್ನೂ ಅಪ್ಪಿ ಅತ್ತರು. ಬದುಕಿದ್ದಾಗ ಅತ್ತೆಯ ಜೊತೆ ದಿನಬೆಳಗಾದರೆ ಜಗಳ ಮಾಡುತ್ತಿದ್ದವರು, ಆ ಜಗಳಗಳನ್ನೂ ಹಾಡಿನಲ್ಲಿ ಸೇರಿಸಿ ಅತ್ತರು. ನಾನು ಪಕ್ಕದಲ್ಲಿದ್ದೆ. ಎದೆಯಲ್ಲಿ ಏನೋ ಇತ್ತು, ಗಂಟಲಿಗೆ ಬರಲಿಲ್ಲ. ವಳಕಮದಿನ್ನಿಯ ಹೆಂಗಸೊಬ್ಬಳು ನನ್ನನ್ನು ಅಪ್ಪಿಕೊಂಡು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಿಟ್ಟು, ಗಟ್ಟಿಯಾಗಿಯೇ ಕೇಳಿದಳು:

"ಈಕಿ ಯಾರಬೇ? ಕಣ್ಣಾಗ ಹನಿ ನೀರಿಲ್ಲ?"

"ಮೈಸೂರ ಕಡಿಯಾಕಿ," ಎಂದಳು ಇನ್ನೊಬ್ಬಳು. "ಆ ಕಡಿ ಮಂದಿ ಹಂಗಽ."

ಅದರಿಂದ ನೋವಾಗಲಿಲ್ಲ. ನೋವಾಗಲಿಲ್ಲವಲ್ಲ ಎಂಬುದೇ ರಾತ್ರಿಯೂಟದ ಹೊತ್ತಿಗೆ ನನ್ನನ್ನು ಹಿಡಿದುಕೊಂಡಿತು. ಹರಿದ ರೊಟ್ಟಿ ತಿಂದ ಮುದುಕಿಗೆ ಎರಡು ಹನಿ ಕೊಡಲಾಗದ ಬದುಕು ಯಾತಕ್ಕೆ? ದಿವಸದ ಊಟಕ್ಕೆ, ಅಂದರೆ ತಿಥಿಯೂಟಕ್ಕೆ, ಅದೇ ಹೆಂಗಸರು ಮತ್ತೆ ಬರುವವರಿದ್ದರು. ಅಷ್ಟರೊಳಗೆ ಅಳು ವಾಪಸ್ ಬರಲಿ ಎಂದು ಮಾತ್ರೆ ನಿಲ್ಲಿಸಿದೆ. ವೈದ್ಯರನ್ನು ಕೇಳಲಿಲ್ಲ. ಸ್ವಿಚ್ ಆರಿಸಿದರೆ ದೀಪ ಆರುತ್ತದೆ, ಅಷ್ಟೇ ತಾನೇ ಎಂದುಕೊಂಡೆ. ಭೌತಶಾಸ್ತ್ರದವಳ ಬುದ್ಧಿ.

ಮೊದಲು ಏನೂ ಆಗಲಿಲ್ಲ. ಒಂದೆರಡು ದಿನ ಕಳೆದ ಮೇಲೆ, ತರಗತಿಯಲ್ಲಿ ಬೋರ್ಡಿನಿಂದ ಮಕ್ಕಳ ಕಡೆ ಕಣ್ಣು ಹೊರಳಿಸಿದಾಗ ತಲೆಯೊಳಗೆ ‘ಝಿಪ್’ ಎಂದಿತು. ನೋವಲ್ಲ. ಹಳೆಯ ಟ್ಯೂಬ್‌ಲೈಟು ಹೊತ್ತುವ ಮುಂಚೆ ಮಿಟುಕುತ್ತದಲ್ಲ, ಅದು ತಲೆಬುರುಡೆಯೊಳಗೆ ಮಿಟುಕಿದಂತೆ. ಕಣ್ಣು ಎಡಕ್ಕೆ ತಿರುಗಿದರೆ ಝಿಪ್, ಬಲಕ್ಕೆ ತಿರುಗಿದರೆ ಝಿಪ್. ತುಟಿಯ ಅಂಚು ಜುಮ್ಮೆನ್ನುತ್ತಿತ್ತು. ತಲೆ ತಿರುಗಿಸಿದರೆ ಗೋಡೆ, ಕಿಟಕಿ, ಮಕ್ಕಳು ಸ್ವಲ್ಪ ತಡವಾಗಿ ಬಂದು ಸೇರುತ್ತಿದ್ದರು. ಅವತ್ತು ಬೋರ್ಡಿನ ಮೇಲಿದ್ದದ್ದು ವಿದ್ಯುತ್ ಪ್ರವಾಹದ ಪಾಠ. ನಗು ಬರಬೇಕಾದ ಸಂಗತಿ. ಮುಂದಿನ ಬೆಂಚಿನ ಹುಡುಗಿ, "ಮೇಡಂ, ಕುಂಡ್ರಿ, ಮಾರಿ ಬೆಳ್ಳಗಾಗೇತಿ" ಎಂದಳು.

ಮೆಟ್ಟಿಲ ಮೇಲೆ ನಾನು ನಡುನಡುವೆ ಬೆಚ್ಚಿ ನಿಲ್ಲುವುದನ್ನು ಶಂಕ್ರಮ್ಮಕ್ಕ ನೋಡಿದರು. ಅದೇನೆಂಬ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ. "ಅತ್ತಿ ಇನ್ನಾ ಹೋಗಿಲ್ಲ, ನಿನ್ನ ಮ್ಯಾಲೆ ಆಕಿ ಜೀವ ಐತಿ. ಬೆನ್ನ ಹಿಂದಽ ನಿಂತು ಕರಿಯಾಕತ್ತಾಳ" ಎಂದು ವಿಭೂತಿ ಹಚ್ಚಿದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಜ್ಜಿಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನೂ ಸುಮ್ಮನೆ ತಲೆಯೊಡ್ಡಿದೆ.

ಅಳು ಬಂತು, ಬರಲಿಲ್ಲವೆಂದಲ್ಲ. ಹಾಲು ಉಕ್ಕಿತೆಂದು ಅತ್ತೆ. ಸೋಪಿನ ಜಾಹೀರಾತು ನೋಡಿ ಅತ್ತೆ. ಕಂಡಕ್ಟರ್ ‘ಸರಕೊಳ್ರಿ’ ಎಂದದ್ದಕ್ಕೆ ಅತ್ತೆ. ಅಜ್ಜಿಯ ರೊಟ್ಟಿ ಮಣೆಯ ಮುಂದೆ ಕೂತು ಅಳೋಣವೆಂದರೆ ಮಾತ್ರ ಕಣ್ಣು ಒಣಗಿತ್ತು, ಒಳಗೆ ಝಿಪ್ ಝಿಪ್ ಅಷ್ಟೇ. ಜೊತೆಗೆ ಮೈಸೂರಿನಲ್ಲಿ ಬಿಟ್ಟುಬಂದೆ ಎಂದುಕೊಂಡಿದ್ದ ಆ ಹಳೆಯ ಕತ್ತಲು ವಿಳಾಸ ವಿಚಾರಿಸಿಕೊಂಡು ಬಂದು ಬಾಗಿಲಲ್ಲಿ ನಿಂತಿತ್ತು. ನನಗೆ ಭಯವಾಯಿತು. ಬಹಳ ದಿನಗಳ ಮೇಲೆ ಸ್ಪಷ್ಟವಾಗಿ ಅನ್ನಿಸಿದ್ದು ಅದೊಂದೇ, ಭಯ.

ಕೊನೆಗೆ ಒಂದು ಸಂಜೆ ಕಾಲುವೆ ರಸ್ತೆಯಲ್ಲಿ ಸ್ಕೂಟರಿನ ಮೇಲಿದ್ದಾಗ ಹಿಂದಿನ ಲಾರಿ ನೋಡಲು ಕಣ್ಣು ಹೊರಳಿಸಿದೆ. ಝಿಪ್ ಎಂದದ್ದು ನೆನಪಿದೆ. ಆಮೇಲೆ ಗದ್ದೆಯ ಕೆಸರಿನಲ್ಲಿದ್ದೆ. ಬಿದ್ದದ್ದು ಗದ್ದೆಯ ಕಡೆಗೆ. ಇನ್ನೊಂದು ಪಕ್ಕದಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು.

ಮರುದಿನ ಲಿಂಗಸುಗೂರಿಗೆ ಹೊರಟಾಗ, ಒಬ್ಬಳೇ ಹೋಗುತ್ತೇನೆಂದರೂ ಕೇಳದೆ ಶಂಕ್ರಮ್ಮಕ್ಕ ಜೊತೆಗೇ ಬಸ್ ಹತ್ತಿದರು. ಅಲ್ಲೊಬ್ಬ ಮನೋವೈದ್ಯರು ಬರುತ್ತಾರೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿಕೊಂಡಿದ್ದೆ. ಶಂಕ್ರಮ್ಮಕ್ಕ ಹೊರಗೆ ಕೂರಲಿ ಎಂದುಕೊಂಡಿದ್ದೆ. ಅವರು ನನಗಿಂತ ಮೊದಲು ಒಳಗೆ ಹೋಗಿ ಕುರ್ಚಿ ಹಿಡಿದರು. ಹೀಗೆ ಎಲ್ಲವೂ ಅವರ ಮುಂದೆಯೇ ಬಯಲಾಯಿತು.

"ಇದು ಹುಚ್ಚಲ್ಲ, ಲಕ್ವಾನೂ ಅಲ್ಲ," ಎಂದರು ಡಾಕ್ಟರು. "ಈ ಗುಳಿಗಿ ಒಮ್ಮಿಗ್ಲೇ ಬಿಟ್ರ ತಲಿಯೊಳಗ ಹಿಂಗ ಕರೆಂಟ್ ಹೊಡದಂಗ ಆಗ್ತೈತಿ. ಮತ್ತ ಶುರು ಮಾಡ್ರಿ. ಅಳು ಬರೂದಿಲ್ಲ ಅನ್ನೋದೂ ಗುಳಿಗಿಂದಽ ಇರಬಹುದು. ಅದಕ್ಕ ಬ್ಯಾರೆ ದಾರಿ ನೋಡೂಣು, ನಿಧಾನಕ. ನೀವಾಗಿ ಮಾತ್ರ ಬಿಡಬ್ಯಾಡ್ರಿ."

ವಾಪಸ್ ಬರುವಾಗ ಶಂಕ್ರಮ್ಮಕ್ಕ ಮಸ್ಕಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಗುಡ್ಡ ನೋಡುತ್ತಾ ಕೇಳಿದರು.

"ಯಾಕ ಬಿಟ್ಟಿ?" ಮೊದಲೆಲ್ಲ ‘ರೀ’ ಹಚ್ಚಿ ಮಾತಾಡುತ್ತಿದ್ದವರು, ವಿಭೂತಿ ಹಚ್ಚಿದಂದಿನಿಂದ ‘ನೀ’ಗೆ ಇಳಿದಿದ್ದರು.

"ಅಳಬೇಕಿತ್ತು ಅಕ್ಕ. ಅಜ್ಜಿಗೆ."

ಅವರು ನನ್ನ ಮುಖವನ್ನೇ ನೋಡಿದರು. "ಹುಚ್ಚ ಖೋಡಿ," ಎಂದರು. "ಆ ಮುದುಕಿಗೆ ಅಳಾಕಂತ ನೀ ಕಾಲವ್ಯಾಗ ಬೀಳಬೇಕೇನು? ಗುಳಿಗಿ ತಗೋ. ನಿನ್ನ ಪಾಲಿಂದೂ ನಾನಽ ಅಳತೀನಿ."

ಸಮಾಧಾನದ ಮಾತು ಎಂದುಕೊಂಡೆ. ಅವರು ನಿಜವಾಗಿಯೂ ಅಳುವುದಾಗಿಯೇ ಹೇಳಿದ್ದರು.

ದಿವಸದ ಊಟದ ದಿನ ವಳಕಮದಿನ್ನಿಯ ಹೆಂಗಸರು ಬಂದರು. ಶಂಕ್ರಮ್ಮಕ್ಕ ನನ್ನನ್ನು ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲು ತಮ್ಮ ಪಾಲಿನದನ್ನು ಅತ್ತು ಮುಗಿಸಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹೊಸ ರಾಗ ತೆಗೆದರು:

"ರೊಟ್ಟಿ ಬಡಿಯಾಕ ಕಲಿಸಿದೆಲ್ಲ ನನ್ನತ್ತೀ, ಈ ಮೈಸೂರ ಮಗಳಿಗೆ… ಹರದದ್ದು ನೀ ತಿಂದು ಚೊಲೋದು ಆಕಿಗೆ ಇಟ್ಟೆಲ್ಲ ನನ್ನತ್ತೀ… ಆಕಿ ಕಣ್ಣೀರು ಗುಳಿಗಿ ಕುಡದೈತಿ ನನ್ನತ್ತೀ, ಸಿಟ್ಟಾಗಬ್ಯಾಡ… ಆಕಿದೂ ನಾನಽ ಅಳತೀನಿ ನನ್ನತ್ತೀ…"

ಮೈಸೂರಿನಲ್ಲಿ ತಂಗಿಗೂ ಹೇಳದೆ ಬಚ್ಚಿಟ್ಟಿದ್ದ ಗುಳಿಗೆ ಪಡಸಾಲೆ ತುಂಬ ಹಾಡಾಗಿ ಹೋಯಿತು. ಯಾರೂ ಮೂಗಿನ ಮೇಲೆ ಬೆರಳಿಡಲಿಲ್ಲ. ಅಂದು ‘ಹನಿ ನೀರಿಲ್ಲ’ ಎಂದಿದ್ದವಳು ಬಂದು ನನ್ನನ್ನು ಮತ್ತೆ ಅಪ್ಪಿಕೊಂಡು ಅತ್ತಳು, ಮೂಗೊರೆಸಿಕೊಂಡು ಕಿವಿಯಲ್ಲಿ ಕೇಳಿದಳು: "ಯಾವ ಡಾಕ್ಟರ್ ಹತ್ರ ತೋರಿಸೀದಿ ಬೇ? ನಮ್ಮ ಸೊಸಿಗೆ ಬೇಕಾಗೇತಿ."

ಮಾತ್ರೆ ಮತ್ತೆ ತೊಡಗಿದ ಮೇಲೆ ಝಿಪ್ ನಿಧಾನವಾಗಿ ದೂರ ಸರಿಯಿತು. ಬದುಕು ಮತ್ತೆ ಅಕ್ಕಿ ತೊಳೆದ ನೀರು. ರೊಟ್ಟಿ ಮಾತ್ರ ಹರಿಯುವುದಿಲ್ಲ.

ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿದ್ದಾಗ ದೊಡ್ಡಮ್ಮ ತೀರಿಕೊಂಡರು. ನನ್ನನ್ನು ಎತ್ತಿ ಆಡಿಸಿದವರು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಸುತ್ತ ಪ್ಲಾಸ್ಟಿಕ್ ಕುರ್ಚಿ, ಕರವಸ್ತ್ರ, ಪಿಸುಮಾತು. ನನ್ನ ಕಣ್ಣಲ್ಲಿ ನೀರಿಲ್ಲದ್ದನ್ನು ಯಾರೂ ಗಮನಿಸಲಿಲ್ಲ. "ಎಷ್ಟು ಧೈರ್ಯವಾಗಿದ್ದಾಳೆ ನೋಡಿ" ಎಂದು ಅತ್ತಿಗೆ ಮೆಚ್ಚಿದರು. ಎಲ್ಲರ ಹಾಗೆಯೇ ಇದ್ದೆ, ನನ್ನ ಊರಿಗೆ ಸರಿಯಾಗಿ ಹೊಂದಿಕೊಂಡಿದ್ದೆ. ಆದರೂ ಬೀದಿಯ ತಿರುವಿನಿಂದ ರಾಗ ಕೇಳಿಬರಲಿ ಎಂದು ಕಾಯುತ್ತಿದ್ದೆ. ಯಾರೂ ಬರಲಿಲ್ಲ. ಯಾರೋ ಕಾಫಿ ಬೇಕೇ ಎಂದು ಕೇಳಿದರು.

ಎದ್ದು ಗೇಟಿನ ಬಳಿ ಹೋಗಿ ಶಂಕ್ರಮ್ಮಕ್ಕನಿಗೆ ಫೋನ್ ಹಚ್ಚಿದೆ. ದೊಡ್ಡಮ್ಮ ಹೋದರು ಎಂದೆ.

"ಗುಳಿಗಿ ತಗೊಂಡೀ ಇಲ್ಲೋ?" ಎಂದರು ಮೊದಲು.

"ತಗೊಂಡೀನಿ."

ಆಮೇಲೆ ಕೇಳಿದರು: "ಆಕಿ ಹೆಸರೇನು? ನಿನಗ ಏನು ಮಾಡಿ ಉಣಸ್ತಿದ್ದಳು?"

"ಪುಟ್ಟಮ್ಮ. ನುಚ್ಚಿನುಂಡೆ ಮಾಡ್ತಿದ್ರು ಅಕ್ಕ, ತೊಗರಿಬೇಳೇದು. ಬಿಸಿಯಿರುವಾಗಲೇ ತುಪ್ಪ ಹಾಕಿ ಕೊಡೋರು."

ನುಚ್ಚಿನುಂಡೆ ಎಂದರೇನೆಂದು ಅವರು ಕೇಳಲಿಲ್ಲ. ಅತ್ತಲಿಂದ ರಾಗ ಶುರುವಾಯಿತು. ಒಳಗಿನವರಿಗೆ ಕೇಳದಿರಲಿ ಎಂದು ಮೊದಲು ಫೋನಿನ ಸದ್ದು ತಗ್ಗಿಸಿದೆ. ಆಮೇಲೆ ಹೆಚ್ಚಿಸಿದೆ.