ಆಯುಧಪೂಜೆಯ ದಿನ ಬಂದ ಅಮೆರಿಕದ ಅಧಿಕಾರಿ

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಬಟ್ಟೆಯನ್ನು ಆ ಬೋಳು ಬೆರಳಿನಿಂದಲೇ ಉಜ್ಜಿ ನೋಡುತ್ತಿದ್ದರು. ಯಾವ ದೇಶದಿಂದ ಎಷ್ಟು ಬಟ್ಟೆ ಅಮೆರಿಕಕ್ಕೆ ಬರಬೇಕೆಂದು ತೀರ್ಮಾನಿಸುವ ಅಧಿಕಾರಿ. ಪೇಪರಿನಲ್ಲಿ ಅವರ ಫೋಟೋ ಬಂದರೆ ಸಾಕು, ರಫ್ತುದಾರರ ಎದೆ ಡವಡವ. ಗುಮಾಸ್ತರಾಗಿ ಸೇರಿ, ಶಿಫಾರಸಿಲ್ಲದೆ ಮೇಲೇರಿದವರಂತೆ. ಯಾರ ಮುಲಾಜಿಗೂ ಬೀಳದವರೆಂದು ಹೆಸರಾಗಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಯಲಹಂಕದ ನಮ್ಮ ಕೈಮಗ್ಗದ ಷೆಡ್ಡಿಗೆ ಬಂದರು. ಧಾರವಾಡದಿಂದ ಬಂದು ಅಲ್ಲಿ ಟೈಪಿಸ್ಟ್ ಆಗಿದ್ದ ನನ್ನನ್ನು, ಇಂಗ್ಲಿಷ್ ಬರುತ್ತದೆಂದು ಅವರ ಪಕ್ಕದಲ್ಲಿ ನಿಲ್ಲಿಸಿದರು. ಕೈಯಲ್ಲಿ ನೇಯ್ದ ಬಟ್ಟೆಗೆ ಅಮೆರಿಕದಲ್ಲಿ ಆಮದಿನ ಮಿತಿ ಇರಲಿಲ್ಲ. ನಮ್ಮದು ಕೈಮಗ್ಗದ್ದೇ ಎಂದು ಅವರು ಒಪ್ಪದಿದ್ದರೆ ಷೆಡ್ಡಿಗೆ ಬೀಗ, ಮೂವತ್ತು ಮನೆಗೆ ಕೂಳಿಲ್ಲ.

ದಿನ ಗೊತ್ತು ಮಾಡಿದ ಜಾಣೆ ನಾನೇ! ಆಯುಧಪೂಜೆಗೆ ಕರೆಯೋಣ, ಚೆಂಡುಹೂವು ಮುಡಿದ ಮಗ್ಗ ನೋಡಿ ಖುಷಿಪಡುತ್ತಾರೆ ಎಂದು ಮಾಲೀಕರ ತಲೆಗೆ ತುಂಬಿದ್ದೆ. ಖುಷಿಪಟ್ಟರು ಕೂಡ. ಆಮೇಲೆ, “ಸ್ವಲ್ಪ ನೇಯ್ದು ತೋರಿಸಿ,” ಎಂದರು.

ಯಾರೂ ಅಲುಗಲಿಲ್ಲ. ಪೂಜೆಗಿಟ್ಟ ಮಗ್ಗವನ್ನು ಅಂದು ಮುಟ್ಟುವಂತಿಲ್ಲ. ನನ್ನ ಟೈಪ್‌ರೈಟರಿಗೂ ಕುಂಕುಮ ಹಚ್ಚಿ ಮುಚ್ಚಿಟ್ಟಿದ್ದೆ. ಆದರೂ ಮಂಡೆಗೆ ಹೊಳೆದಿರಲಿಲ್ಲ, ನೋಡಿ.

ಮಾಲೀಕರು ಹಿರಿಯ ನೇಕಾರನಿಗೆ ಕೈಮುಗಿದರು. “ನಾಲ್ಕು ಸಲ ಲಾಳಿ ಓಡಿಸಯ್ಯಾ, ಸಂಜೆ ಅವರ ವಿಮಾನ ಇದೆ!”

“ಇವತ್ತು ಆಗಾಕಿಲ್ಲ ಸ್ವಾಮಿ. ನಾಳೆ ಬರ್ಲಿ, ಸಾಕು ಅನ್ನೋಗಂಟ ನೇಯ್ತೀನಿ,” ಎಂದ ಆತ.

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಧಿಕಾರಿಯ ಮುಖ ಬಿಗಿಯಿತು. ತೋರಿಕೆಗೆ ಕೈಮಗ್ಗ ಇಟ್ಟು, ಬೇರೆಡೆ ಯಂತ್ರದಲ್ಲಿ ನೇಯಿಸುವವರನ್ನು ಅವರು ಬೇಕಾದಷ್ಟು ಹಿಡಿದಿದ್ದರು. ನನ್ನತ್ತ ತಿರುಗಿ, “ಇವರು ಹಬ್ಬ ಮಾಡುತ್ತಿದ್ದಾರೋ, ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೋ?” ಎಂದು ಕೇಳಿದರು.

“ಹಬ್ಬ ಸರ್. ಇವತ್ತು ನೇಯುವುದಿಲ್ಲ ಅಂತ ಯೋಚಿಸದೆ ನಿಮ್ಮನ್ನು ಕರೆಸಿದ್ದು ನಾನು. ತಪ್ಪು ನನ್ನದು,” ಎಂದೆ. ಮಾಲೀಕರು ನನ್ನನ್ನು ನುಂಗುವ ಹಾಗೆ ನೋಡಿದರು.

ಅಧಿಕಾರಿ ಡ್ರೈವರನನ್ನು ಕರೆದು ಟಿಕೆಟ್ ರದ್ದು ಮಾಡಿಸಿದರು.

ಮರುದಿನ ಬೆಳಿಗ್ಗೆ ಏಳಕ್ಕೇ ಹಾಜರು! ಒಂದೊಂದು ಮಗ್ಗದ ಮುಂದೆಯೂ ಸ್ಟೂಲ್ ಹಾಕಿಕೊಂಡು ಕೂತರು. ನಮ್ಮ ಕಾಫಿಯನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ಬಟ್ಟೆ ಕೈಮಗ್ಗದ್ದೇ ಎಂದು ಸಹಿ ಹಾಕಿ, “ತಪ್ಪು ಒಪ್ಪಿಕೊಳ್ಳುವವರು ನನಗೆ ಸಿಗುವುದೇ ಅಪರೂಪ,” ಎಂದು ನನಗೆ ಹೇಳಿ ಹೊರಟರು.

ಎಂಬತ್ತರ ದಶಕದಲ್ಲಿ ಅವರು ಇನ್ನೂ ದೊಡ್ಡವರಾದರು. ಗಿರಣಿ ಬಟ್ಟೆಯ ಶರ್ಟುಗಳಿಗೆ ಮಿತಿ ಬಿಗಿ ಮಾಡಿದರು. ಯಶವಂತಪುರದ ಶರ್ಟು ಕಾರ್ಖಾನೆ ಮುಚ್ಚಿತು, ಅಲ್ಲಿದ್ದ ನನ್ನ ಗಂಡನ ಕೆಲಸ ಹೋಯಿತು. “ನಿನ್ನ ಸಾಹೇಬ ನಮ್ಮ ಹೊಟ್ಟೆ ಮೇಲೆ ಹೊಡೆದ,” ಎಂದು ದಿನಾ ಹಂಗಿಸುತ್ತಿದ್ದರು. ನನಗೂ ಆ ಅಧಿಕಾರಿಯ ಮೇಲೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ.

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. “ಪೀಡೆ ತೊಲಗಿತು,” ಎಂದರು ನನ್ನ ಗಂಡ.

“ಹಾಗನ್ನಬೇಡಿ ಕಣ್ರೀ. ನಿಮ್ಮ ಕೆಲಸ ಹೋದ ಮೇಲೆ ಮಕ್ಕಳು ಉಣ್ತಿರೋದು ಅವರು ಉಳಿಸಿದ ಷೆಡ್ಡಿನ ಅನ್ನ,” ಎಂದೆ.

ಅವರು ಪೇಪರ್ ಮಡಚಿಟ್ಟರು. ನಾನು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅವರಿಗೆ ಕೇಳದ ಹಾಗೆ ಅತ್ತೆ.