ಕಂಡಕ್ಟರ್ ಜತ್ತಪ್ಪನ ಕೆನ್ನೆ

ಪುತ್ತೂರಿನಿಂದ ಕಡಬಕ್ಕೆ ಓಡುತ್ತಿದ್ದ ಯಜ್ಞೇಶ್ವರ ರಾಯರ ಬಸ್ಸಿಗೆ ಜತ್ತಪ್ಪ ಕಂಡಕ್ಟರ್. ಆಳು ಆರಡಿ. ಕೂಗಿದರೆ ಹೊಳೆಯ ಆಚೆ ಬದಿಗೆ ಕೇಳಬೇಕು. ಅಕ್ಕಿಮುಡಿಯನ್ನು ಒಬ್ಬನೇ ಹೊತ್ತು ಬಸ್ಸಿನ ಮೇಲೆ ಹಾಕುವವನು. ಇಂಥವನಿಗೆ ದೇವರು ಕೊಟ್ಟ ಕೆನ್ನೆ ಮಾತ್ರ ಹಸುಗೂಸಿನದು. ಬ್ಲೇಡು ತಾಗಿದರೆ ಸಾಕು, ಚುರುಚುರು ಉರಿ, ಕೆಂಪು ಗುಳ್ಳೆ, ಸಂಜೆಯವರೆಗೆ ತುರಿಕೆ. ರಾಯರದ್ದಾದರೂ ಎಂಥ ಹಠ ನೋಡಿ: ಕಂಡಕ್ಟರ್ ದಿನಾ ಗಡ್ಡ ತೆಗೆದೇ ಬಸ್ಸು ಹತ್ತಬೇಕು. ಬಸ್ಸಿನ ಗಾಜು ಒರೆಸದಿದ್ದರೂ ಅವರಿಗೆ ನಡೆಯುತ್ತಿತ್ತು.

ಈ ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಒಂದೇ ದಾರಿ. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು ಎಂಬ ಕಟ್ಟಳೆಯನ್ನು ರಾಯರೂ ಮೀರುವ ಹಾಗಿಲ್ಲ. ಐದು ತಿಂಗಳು ತುಂಬಿದ ಮೇಲೆ ಗಡ್ಡ ಬಿಡುವುದು ವಾಡಿಕೆ. ಜತ್ತಪ್ಪ ಅಷ್ಟೆಲ್ಲ ಕಾಯುವವನಲ್ಲ. ಹೆಂಡತಿ ಕಮಲಾವತಿ ಬೆಳಿಗ್ಗೆ ಒಮ್ಮೆ ವಾಂತಿ ಮಾಡಿದರೆ ಸಾಕು, ಅಂದೇ ರೇಜರನ್ನು ಒರೆಸಿ ಅಟ್ಟಕ್ಕೆ ಏರಿಸುತ್ತಿದ್ದ. ಹೆರಿಗೆಯಾದ ಮೇಲೂ 'ಬಾಣಂತಿ ಮನೆಗೆ ಬರಲಿ', 'ಮಗುವಿಗೆ ಹಲ್ಲು ಬರಲಿ' ಎಂದು ಎಳೆದದ್ದೇ ಎಳೆದದ್ದು. ಮೊಟ್ಟೆ ಮಾರಲು ದಿನಾ ಬಸ್ಸಿಗೆ ಬರುತ್ತಿದ್ದ ಮೈಮೂನಮ್ಮ ಅವನ ಮುಖ ನೋಡಿಯೇ, "ಕಂಡಕ್ಟ್ರೆ, ಇನ್ನೊಂದಾ?" ಎಂದು ಕೇಳಿ, ಸುದ್ದಿಯನ್ನು ಕಡಬದವರೆಗೆ ಮುಟ್ಟಿಸುತ್ತಿದ್ದಳು.

ಎಂಟು ವರ್ಷದಲ್ಲಿ ಐದು ಮಕ್ಕಳು. ಗಡ್ಡಕ್ಕಾಗಿ ಮಕ್ಕಳು ಎಂದು ನಾನು ಹೇಳುವುದಿಲ್ಲ, ಅವನು ಅಷ್ಟು ಕೆಟ್ಟ ಮನುಷ್ಯನಲ್ಲ. ಆದರೆ ಹೆಂಡತಿ ಬಾಗಿಲ ಹತ್ತಿರ ನಿಂತು ಸುದ್ದಿ ಹೇಳಿದಾಗಲೆಲ್ಲ ಅವನ ಕೈ ಮೊದಲು ಹೋಗುತ್ತಿದ್ದದ್ದು ತನ್ನ ಕೆನ್ನೆಗೆ. ಕಮಲಾವತಿ ಅದನ್ನು ಐದು ಸಲವೂ ನೋಡಿದ್ದಳು.

ಐದನೆಯದ್ದು ಅವಳನ್ನು ಹಿಂಡಿ ಹಾಕಿತು. ಪುತ್ತೂರಿನ ಡಾಕ್ಟ್ರಮ್ಮ ಜತ್ತಪ್ಪನನ್ನು ಕರೆದು, "ಇನ್ನೊಂದು ಹೆರಿಗೆಯಾದರೆ ಇವಳು ಉಳಿಯುದಿಲ್ಲ. ಗಂಡಸರಿಗೆ ಒಂದು ಸಣ್ಣ ಆಪರೇಶನ್ ಉಂಟು. ಮಾಡಿಸಿಕೊಳ್ಳಿ," ಎಂದರು. ಅರುವತ್ತೈದನೇ ಇಸವಿ ಅದು. ಆ ಮಾತು ಕಿವಿಗೆ ಬಿದ್ದರೆ ಗಂಡಸರು ದಾರಿ ಬದಲಿಸುತ್ತಿದ್ದ ಕಾಲ. ಜತ್ತಪ್ಪ ಕತ್ತಿಗೆ ಹೆದರಲಿಲ್ಲ. ಅವನ ಹೆದರಿಕೆಯೇ ಬೇರೆ.

"ಆಮೇಲೆ ಜೀವಮಾನ ಇಡೀ ಗಡ್ಡಕ್ಕೆ ರಜೆ ಇಲ್ಲವಲ್ಲ ಮಾರಾಯ್ತಿ," ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿಯೂ ಬಿಟ್ಟ. ಎಂಥ ಗತಿಗೆಟ್ಟ ಮಾತು, ಅದೂ ಎದ್ದು ಕೂರಲಾಗದ ಬಾಣಂತಿಯ ಹತ್ತಿರ.

ಕಮಲಾವತಿ ಜಗಳ ಮಾಡಲಿಲ್ಲ. "ನನ್ನ ಐದು ಬಾಣಂತನ ನಿಮ್ಮ ಕೆನ್ನೆಗೆ ಮದ್ದಾಯಿತು. ಇನ್ನು ಬೇರೆ ಮದ್ದು ಹುಡುಕಿ. ಸಿಕ್ಕುವವರೆಗೆ ಜಗಲಿಯಲ್ಲಿ ಮಲಗಿ," ಎಂದಳು. ಅತ್ತೆ ಎದ್ದು ಮಗನ ಚಾಪೆಯನ್ನು ಹೊರಗೆ ಹಾಕಿದಳು. ಜತ್ತಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನವೇ ಹುಡುಕಾಟ ಸುರು. ಕ್ಷೌರದಂಗಡಿಯ ಸುಂದರ ಎಂಬವನು ಪಟಿಕದ ಕಲ್ಲು ತಿಕ್ಕಿದ, ಜತ್ತಪ್ಪ ಕುರ್ಚಿ ಸಮೇತ ಎದ್ದ. ಪುತ್ತೂರಿನ ದರ್ಬೆ ಪೇಟೆಯ ಅಂಗಡಿಯಲ್ಲಿ ಕಾಸಿಂ, ಗಡ್ಡ ತೆಗೆದ ಮೇಲೆ ಹಚ್ಚುವ ಒಂದು ಹಸಿರು ನೀರಿನ ಕುಪ್ಪಿ ಕೊಟ್ಟ. ಮೇಲೆ ನಗುವ ದೊರೆಯ ಚಿತ್ರ. "ಹಚ್ಚಿ ನೋಡು ಮಾರಾಯ, ತಂಪು ಅಂದರೆ ತಂಪು," ಎಂದ. ಹಚ್ಚಿದ್ದೇ ತಡ, ಬಾಯಲ್ಲಿ ಕಚ್ಚಿಕೊಂಡಿದ್ದ ಸೀಟಿ ತಾನಾಗಿ ಕೂಗಿತು. ಹೊರಗೆ ಕಾಯುತ್ತಿದ್ದ ಡ್ರೈವರ್ ದುಗ್ಗಪ್ಪ ರೈಟ್ ಎಂದುಕೊಂಡು ಬಸ್ಸು ಬಿಟ್ಟೇಬಿಟ್ಟ. ಜತ್ತಪ್ಪ ಹಿಂದಿನಿಂದ ಓಡಿದ. ಓಡುವಾಗ ಮುಖಕ್ಕೆ ಗಾಳಿ ತಾಗಿ ಸ್ವಲ್ಪ ಸುಖವಾದದ್ದರಿಂದ, ಬಸ್ಸು ನಿಂತ ಮೇಲೂ ಅದನ್ನು ದಾಟಿ ಮುಂದೆ ಹೋದ.

ಬೆಣ್ಣೆ ಹಚ್ಚಿದ ದಿನ ಉಪ್ಪಿನಂಗಡಿ ದಾಟುವಷ್ಟರಲ್ಲಿ ರಸ್ತೆಯ ಧೂಳೆಲ್ಲ ಮುಖಕ್ಕೆ ಮೆತ್ತಿ, ಕಡಬದಲ್ಲಿ ಸ್ವಂತ ಷಡ್ಡಕ ಗುರುತು ಹಿಡಿಯಲಿಲ್ಲ. ಅರಸಿನ ಹಚ್ಚಿದ ದಿನ ಮೈಮೂನಮ್ಮ, "ಎಂತ ಕಂಡಕ್ಟ್ರೆ, ಎರಡನೇ ಮದುವೆಯಾ?" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ವಿಚಾರಿಸಿದಳು. ಕೊನೆಗೆ ತಲೆಕೆಟ್ಟು ಅರಸಿನದ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ದೊರೆಯ ನೀರು, ಎಲ್ಲ ಒಟ್ಟಿಗೆ ಬಳಿದುಕೊಂಡು ಮುಖ ಊದಿಸಿಕೊಂಡ.

ಅಷ್ಟರಲ್ಲಿ ಎದ್ದು ಓಡಾಡುತ್ತಿದ್ದ ಕಮಲಾವತಿಗೆ ಇನ್ನು ನೋಡಲಾಗಲಿಲ್ಲ. "ಎಲ್ಲ ಒಟ್ಟಿಗೆ ಮೆತ್ತಿದರೆ ಉರಿದದ್ದು ಯಾವುದು ಅಂತ ಹೇಗೆ ಗೊತ್ತಾಗುದು? ಮಗುವಿಗೆ ಹೊಸ ಎಣ್ಣೆಯಾದರೆ ಮೊದಲು ಕಿವಿಯ ಹಿಂದೆ ಹಚ್ಚಿ ನೋಡುದಿಲ್ಲವಾ?" ಎಂದಳು. ಗುಳ್ಳೆ ಒಣಗುವವರೆಗೆ ಏನೂ ಹಚ್ಚಲು ಬಿಡಲಿಲ್ಲ. ಆಮೇಲೆ ರೋಮ ಇಳಿದ ದಿಕ್ಕಿಗೇ ಬ್ಲೇಡು ಎಳೆಯಲು ಹೇಳಿ, ತಣ್ಣೀರಿನಲ್ಲಿ ತೊಳೆಸಿ, ಎಡಗೆನ್ನೆಗೆ ತೆಂಗಿನೆಣ್ಣೆ, ಬಲಗೆನ್ನೆಗೆ ಉಪ್ಪು ಹಾಕದ ಗಂಜಿಯ ತಣಿದ ತಿಳಿ ಹಚ್ಚಿದಳು. ಒಂದು ವಾರ ಎಡಬದಿಯ ಸೀಟಿನವರಿಗೆ ಒಬ್ಬ ಕಂಡಕ್ಟರ್, ಬಲಬದಿಯವರಿಗೆ ಇನ್ನೊಬ್ಬ. ಎಡಕ್ಕೆ ಗುಳ್ಳೆ ಎದ್ದಿತು. ಬಲಕ್ಕೆ ಏನೂ ಆಗಲಿಲ್ಲ.

ಅಷ್ಟು ವರ್ಷ ಆ ತಿಳಿಯನ್ನು ದನಕ್ಕೆ ಹಾಕುತ್ತಿದ್ದರು. ಜತ್ತಪ್ಪ ಬೆಳಿಗ್ಗೆ ಕೊಟ್ಟಿಗೆಯ ಎದುರು ಕೂತು ಅದನ್ನು ಮುಖಕ್ಕೆ ಒತ್ತಿಕೊಳ್ಳುವಾಗ ದನ ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಎರಡೂ ಕೆನ್ನೆ ನುಣುಪಾದ ಮೇಲೆ ಅವನು ಸೀದಾ ಆಸ್ಪತ್ರೆಗೆ ಹೋಗಿ, "ಆಪರೇಶನ್ ಮಾಡಿ ಡಾಕ್ಟ್ರಮ್ಮ, ಮುಖ ಗುಣವಾಯಿತು," ಎಂದ. ಡಾಕ್ಟ್ರಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ, ಆದರೆ ಮಾಡಿದರು.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಮಲಾವತಿ ದರ್ಬೆಯಲ್ಲಿ ಬಸ್ಸು ಹತ್ತಿದಳು. ಮಕ್ಕಳನ್ನೆಲ್ಲ ಅತ್ತೆಯ ಹತ್ತಿರ ಬಿಟ್ಟು ಇಚಿಲಂಪಾಡಿಯ ತವರಿಗೆ ಹೊರಟದ್ದು. ಮೈಮೂನಮ್ಮ ಮೊದಲು ಕಂಡಕ್ಟರನ ನುಣ್ಣನೆಯ ಮುಖ ನೋಡಿದಳು, ಆಮೇಲೆ ಕಮಲಾವತಿಯ ಹೊಟ್ಟೆ ನೋಡಿದಳು. ಲೆಕ್ಕ ಸರಿಹೋಗಲಿಲ್ಲ.

"ಹೆರಿಗೆಗಲ್ಲದಿದ್ದರೆ ತವರಿಗೆ ಎಂತಕ್ಕೆ ಹೋಗುದು?"

"ಸುಮ್ಮನೆ," ಎಂದಳು ಕಮಲಾವತಿ. ಮದುವೆಯಾದ ಮೇಲೆ ಅವಳು ತವರಿಗೆ ಸುಮ್ಮನೆ ಹೋಗುತ್ತಿದ್ದದ್ದು ಅದೇ ಮೊದಲು.

ಜತ್ತಪ್ಪ ಟಿಕೇಟು ಹಿಡಿದುಕೊಂಡು ಅವಳ ಸೀಟಿನ ಹತ್ತಿರ ಬಂದು ಬಾಗಿದ. ಇಡೀ ಬಸ್ಸು ನೋಡುತ್ತಿರುವಾಗಲೇ ಅವಳು ಕೈ ಎತ್ತಿ, ಬೆರಳಿನ ಹಿಂಬದಿಯಿಂದ ಅವನ ಕೆನ್ನೆ ಮುಟ್ಟಿ ನೋಡಿದಳು.

"ಉರಿ ಇಲ್ಲವಲ್ಲ?"

"ಇಲ್ಲ."

"ಹಾಗಾದರೆ ಸ್ವಲ್ಪ ದಿನ ಇದ್ದೇ ಬರುತ್ತೇನೆ. ಮಕ್ಕಳಿಗೆ ಬೆಳಗಿನ ಗಂಜಿ ನೀವೇ ಬೇಯಿಸಿ, ತಿಳಿಯೂ ಸಿಗುತ್ತದೆ."